ಹನ್ನೊಂದು ಸಾವು, ಮತ್ತು ಅದಕ್ಕೂ ಮುಂಚಿನ ಬಸಾಯೆವ್

ರಷ್ಯಾದಿಂದ ಬೇರೆಯಾಗಲು ಎರಡು ಯುದ್ಧ ಕಂಡ ಚೆಚನ್ಯಾ, ಅಲ್ಲಿನ ಬಂಡುಕೋರ ನಾಯಕ ಶಮೀಲ್ ಬಸಾಯೆವ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿವಮೊಗ್ಗದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು: "ಶಮೀಲ್ ಬಸಾಯೆವ್‌ನ ಬಂಧುಬಳಗದ ಹನ್ನೊಂದು ಜನ ರಷ್ಯಾದ ಬಾಂಬಿಗೆ ಸತ್ತರು. ನಿಮ್ಮ ಲೇಖಕರು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನ್ನ ಮನೆಯವರಿಗೆ ಹಾಗಾಗಿದ್ದರೆ ನಾನೂ ಬಂದೂಕು ಹಿಡಿಯುತ್ತಿದ್ದೆನೋ ಏನೋ. ರಷ್ಯಾದ ತಪ್ಪು ಏನೂ ಇಲ್ಲವೇ? ಇನ್ನೊಂದು ಅನುಮಾನ. ಆ ಮನುಷ್ಯನಿಗೆ ಧರ್ಮದ ಹುಚ್ಚು ಮೊದಲಿನಿಂದಲೂ ಇತ್ತೇ, ಆಮೇಲೆ ಹತ್ತಿತೇ?"

ಮೇಷ್ಟ್ರೇ, ನಮಸ್ಕಾರ. ಆ ಸಾಲನ್ನು ಬೆಳೆಸುವುದು ಬೇಡ ಎಂದವನು ನಾನೇ. ಯಾಕೆ ಅಂತ ಹೇಳುತ್ತೇನೆ.

ಆ ಸಾವುಗಳು ನಿಜ. 1995ರ ಜೂನ್ ಆರಂಭದಲ್ಲಿ, ಮೊದಲ ಯುದ್ಧ ನಡೆಯುತ್ತಿದ್ದಾಗ, ಚೆಚನ್ಯಾದ ವೆದೆನೊದಲ್ಲಿ ಅವನ ಬಂಧುಗಳ ಮನೆಯ ಮೇಲೆ ಬಾಂಬು ಬಿತ್ತು. ಹೆಂಗಸರು, ಮಕ್ಕಳು ಸತ್ತರು. ಅದಾಗಿ ಎರಡು ವಾರದೊಳಗೆ, ಜೂನ್ 14ರಂದು, ಅವನ ಗುಂಪು ರಷ್ಯಾದ ಬುದ್ಯೊನೊವ್‌ಸ್ಕ್ ಎಂಬ ಊರಿಗೆ ನುಗ್ಗಿ ಆಸ್ಪತ್ರೆಯನ್ನು ವಶಕ್ಕೆ ತೆಗೆದುಕೊಂಡಿತು. ರೋಗಿಗಳು, ಬಾಣಂತಿಯರು, ದಾದಿಯರು, ಊರಿನವರು ಸೇರಿ ಸಾವಿರಕ್ಕೂ ಹೆಚ್ಚು ಜನ ಒತ್ತೆಯಾಳುಗಳು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. ನೊಂದವನು ತಿರುಗಿಬಿದ್ದ, ಅಷ್ಟೇ ಅಲ್ವಾ?

ಆದರೆ ನೀವು ಇತಿಹಾಸ ಕಲಿಸಿದವರು. ಒಂದಿಷ್ಟು ಹಿಂದಿನ ತಾರೀಖುಗಳನ್ನೂ ನೋಡಿ. 1991ರ ಆಗಸ್ಟ್‌ನಲ್ಲಿ ಇದೇ ಬಸಾಯೆವ್ ಮಾಸ್ಕೋದಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಬೆಂಬಲಕ್ಕೆ ನಿಂತ ಗುಂಪಿನಲ್ಲಿದ್ದ. ಅದೇ ನವೆಂಬರ್‌ನಲ್ಲಿ ಯೆಲ್ಟ್ಸಿನ್ ಚೆಚನ್ಯಾದಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ಇಬ್ಬರು ಜೊತೆಗಾರರೊಂದಿಗೆ ರಷ್ಯಾದ ಪ್ರಯಾಣಿಕರ ವಿಮಾನವೊಂದನ್ನು ಅಪಹರಿಸಿ ಟರ್ಕಿಗೆ ಒಯ್ದ. ಯಾರಿಗೂ ಪೆಟ್ಟಾಗಲಿಲ್ಲ, ಸುದ್ದಿ ಮಾತ್ರ ಜೋರಾಗಿ ಆಯಿತು. ಆಮೇಲೆ 1992-93ರಲ್ಲಿ ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ಅಬ್ಖಾಜಿಯಾಕ್ಕೆ ಹೋಗಿ ಜಾರ್ಜಿಯಾ ವಿರುದ್ಧ ಕಾದಾಡಿದ. ಆ ಯುದ್ಧದಲ್ಲಿ ರಷ್ಯಾದ ನೆರವು ಹೋಗುತ್ತಿದ್ದದ್ದೂ ಅಬ್ಖಾಜಿಯಾದ ಕಡೆಗೇ. ಇದೆಲ್ಲ ನಡೆದಾಗ ವೆದೆನೊದ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ. ಒತ್ತೆಯಾಳುಗಳನ್ನು ಹಿಡಿದರೆ ಜಗತ್ತು ಕಿವಿಗೊಡುತ್ತದೆ ಅನ್ನುವ ಪಾಠವನ್ನು ಅವನು 1991ರಲ್ಲೇ ಕಲಿತಿದ್ದ.

ನೋವು ಅವನೊಬ್ಬನದಲ್ಲ ಅನ್ನುವುದು ಇನ್ನೊಂದು ಮಾತು. 1944ರ ಫೆಬ್ರುವರಿ 23ರಂದು ಸ್ಟಾಲಿನ್ ಸರ್ಕಾರ ಚೆಚನ್ ಮತ್ತು ಇಂಗುಷ್ ಜನರನ್ನು ಇಡಿಯಾಗಿ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಲು ಶುರುಮಾಡಿತು. ಹತ್ತಿರ ಹತ್ತಿರ 5 ಲಕ್ಷ ಜನ. ದಾರಿಯಲ್ಲಿ, ಚಳಿಯಲ್ಲಿ, ಹಸಿವಿನಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ವಾಪಸ್ ಬರಲು ಬಿಟ್ಟದ್ದು 1957ರಲ್ಲಿ. ಬಸಾಯೆವ್‌ನ ಹಿರಿಯರೂ ಆ ರೈಲಿನಲ್ಲಿ ಹೋದವರೇ. ಇನ್ನೊಬ್ಬ ಚೆಚನ್ ನಾಯಕ ಅಸ್ಲಾನ್ ಮಸ್ಖಾದೊವ್ ಹುಟ್ಟಿದ್ದೇ ಕಜಕಸ್ತಾನದ ಆ ಗಡಿಪಾರಿನಲ್ಲಿ. ಮುಂದೆ ಸೋವಿಯತ್ ಸೇನೆಯಲ್ಲಿ ಕರ್ನಲ್ ಆದ, ಮೊದಲ ಯುದ್ಧದಲ್ಲಿ ಚೆಚನ್ ಪಡೆಗಳನ್ನು ನಡೆಸಿದ, 2004ರಲ್ಲಿ ಬೆಸ್ಲಾನ್ ಎಂಬ ಊರಿನ ಶಾಲೆಯನ್ನು ಹಿಡಿದ ಬಸಾಯೆವ್ ಕಡೆಯವರನ್ನು ಮಾತ್ರ ಬಹಿರಂಗವಾಗಿ ಖಂಡಿಸಿದ. ಇಬ್ಬರದೂ ಒಂದೇ ನೆಲ, ಒಂದೇ ಗಡಿಪಾರು, ಒಂದೇ ಶತ್ರು.

ನನ್ನ ಮಟ್ಟಿಗೆ ಬಸಾಯೆವ್‌ನನ್ನು ಅಳೆಯಬೇಕಾದದ್ದು ಬುದ್ಯೊನೊವ್‌ಸ್ಕ್‌ನಿಂದ ಅಲ್ಲ. 1997ರಿಂದ 1999ರವರೆಗಿನ ಶಾಂತಿಯ ವರ್ಷಗಳಿಂದ. ಇವುಗಳ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ.

1996ರ ಆಗಸ್ಟ್‌ನಲ್ಲಿ ಚೆಚನ್ನರು ರಾಜಧಾನಿ ಗ್ರೋಜ್ನಿಯನ್ನು ಮರಳಿ ಹಿಡಿದರು. ತಿಂಗಳ ಕೊನೆಗೆ ಖಸವ್ಯುರ್ತ್‌ನಲ್ಲಿ ಒಪ್ಪಂದವಾಯಿತು. ರಷ್ಯಾದ ಸೇನೆ ಹೊರಟುಹೋಗುವುದು, ಸ್ವಾತಂತ್ರ್ಯದ ಪ್ರಶ್ನೆಯನ್ನು 2001ರ ಕೊನೆಯ ಹೊತ್ತಿಗೆ ಕೂತು ತೀರ್ಮಾನಿಸುವುದು. 1997ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಸ್ಖಾದೊವ್‌ಗೆ ಸುಮಾರು 59 ಶೇಕಡಾ ಮತ, ಬಸಾಯೆವ್‌ಗೆ 23ರ ಆಸುಪಾಸು. ಜನ ಯುದ್ಧ ಗೆದ್ದುಕೊಟ್ಟವರಿಬ್ಬರಲ್ಲಿ ತಣ್ಣಗಿನ ಮನುಷ್ಯನನ್ನು ಆರಿಸಿದರು. ಅಲ್ಲಿಗೆ ಬಸಾಯೆವ್ ಸುಮ್ಮನಾಗಬಹುದಿತ್ತು. 1998ರಲ್ಲಿ ಕೆಲವು ತಿಂಗಳು ಸರ್ಕಾರ ನಡೆಸುವ ಹೊಣೆಯನ್ನೂ ಅವನಿಗೇ ಕೊಟ್ಟು ನೋಡಿದರು. ಸಂಬಳ, ಕರೆಂಟು, ಆಸ್ಪತ್ರೆ ನೋಡಿಕೊಳ್ಳುವ ಕೆಲಸ ಅವನ ಕೈಗೆ ಹತ್ತಲಿಲ್ಲ. ಬಿಟ್ಟು ಹೊರಟ. ನಾಡಿನಲ್ಲಿ ಆಗಲೇ ಜನರನ್ನು ಅಪಹರಿಸಿ ಹಣ ಕೇಳುವುದೇ ದಂಧೆಯಾಗಿತ್ತು, ಬಂದೂಕು ಇದ್ದ ಪ್ರತಿ ಗುಂಪಿಗೂ ಒಬ್ಬೊಬ್ಬ ನಾಯಕ.

ನಿಮ್ಮ ಧರ್ಮದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹುಡುಗನಾಗಿದ್ದಾಗ ಬಸಾಯೆವ್ ಚೆ ಗುವೆರಾ ಅಭಿಮಾನಿ. ಮಾಸ್ಕೋದಲ್ಲಿ ಭೂ ನಿರ್ವಹಣೆಯ ಇಂಜಿನಿಯರಿಂಗ್ ಓದಲು ಸೇರಿ ಪಾಸಾಗದೆ ಹೊರಬಿದ್ದ. ಕೆಲಕಾಲ ಕಂಪ್ಯೂಟರ್ ಮಾರಿದ. ಅವನ ಹೆಸರು 19ನೇ ಶತಮಾನದಲ್ಲಿ ಕಾಲು ಶತಮಾನ ಝಾರ್‌ ಸೇನೆಯನ್ನು ತಡೆದು ನಿಲ್ಲಿಸಿದ್ದ ಇಮಾಮ್ ಶಮೀಲ್‌ನದು. ಆ ಇಮಾಮನ ನೆಲೆಯಾಗಿದ್ದ ವೆದೆನೊದ ಪಕ್ಕದಲ್ಲೇ ಅವನ ಊರು. ಹಾಗಾಗಿ ಧರ್ಮ ಮನೆಯಲ್ಲಿತ್ತು, ಆದರೆ ಅದು ಚೆಚನ್ನರ ಸೂಫಿ ಧರ್ಮ. ಪೀರರು, ಸಮಾಧಿಗಳು, ಗುಂಪಾಗಿ ಸುತ್ತುತ್ತಾ ಮಾಡುವ ಜಿಕ್ರ್ ಎಂಬ ದೇವರ ನಾಮಸ್ಮರಣೆ. ಇದನ್ನೆಲ್ಲ ಪಾಷಂಡ ಅನ್ನುವ ಕಟ್ಟುನಿಟ್ಟಿನ ಪಂಥ ಜೋರಾದದ್ದು ಯುದ್ಧಕ್ಕೆ ಬಂದ ಅರಬ್ ಹೋರಾಟಗಾರರಿಂದ. ಅವರಲ್ಲಿ ಮುಖ್ಯನಾದವನು ಸೌದಿ ಮೂಲದ ಖತ್ತಾಬ್. ಅವನ ಹತ್ತಿರ ಹಣವಿತ್ತು, ತರಬೇತಿ ಶಿಬಿರಗಳಿದ್ದವು. ಚುನಾವಣೆಯಲ್ಲಿ ಸೋತವನಿಗೆ ಅಲ್ಲೊಂದು ದೊಡ್ಡ ಪಾತ್ರ ಕಾದಿತ್ತು. ಹುಚ್ಚು ಸುಳ್ಳೆಂದು ನಾನು ಹೇಳುವುದಿಲ್ಲ. ಬೇಕಾದಾಗ ಬಂತು ಎಂದಷ್ಟೇ ಹೇಳುತ್ತೇನೆ.

1999ರ ಆಗಸ್ಟ್‌ನಲ್ಲಿ ಬಸಾಯೆವ್ ಮತ್ತು ಖತ್ತಾಬ್ ನೂರಾರು ಹೋರಾಟಗಾರರನ್ನು ಕಟ್ಟಿಕೊಂಡು ಪಕ್ಕದ ದಾಗೆಸ್ತಾನದ ಬೋತ್ಲಿಖ್ ಸೀಮೆಗೆ ನುಗ್ಗಿದರು. ದಾಗೆಸ್ತಾನವನ್ನು ಬಿಡಿಸಿ ಇಸ್ಲಾಮಿ ರಾಜ್ಯ ಕಟ್ಟುತ್ತೇವೆ ಅಂದರು. ಆದದ್ದೇನು? ಅಲ್ಲಿನ ಹಳ್ಳಿಗಳ ಮುಸ್ಲಿಮರೇ ಬಂದೂಕು ಹಿಡಿದು ಇವರನ್ನು ಎದುರಿಸಿದರು. ಇಮಾಮ್ ಶಮೀಲ್ ಹುಟ್ಟಿದ ನಾಡು ಅದು! ಅವನ ಹೆಸರಿಟ್ಟುಕೊಂಡವನನ್ನು ಅವರು ಹಿಮ್ಮೆಟ್ಟಿಸಿದರು. ಮಾಸ್ಕೋದಲ್ಲಿ ಅದೇ ವಾರ ಪುಟಿನ್ ಪ್ರಧಾನಿಯಾದರು. ಸೆಪ್ಟೆಂಬರ್‌ನಲ್ಲಿ ರಷ್ಯಾದ ಊರುಗಳಲ್ಲಿ ವಸತಿ ಕಟ್ಟಡಗಳು ಸ್ಫೋಟಗೊಂಡು ಸುಮಾರು 300 ಜನ ಸತ್ತರು. ಅದರ ಹಿಂದೆ ಯಾರಿದ್ದರು ಅನ್ನುವ ಜಗಳ ಈಗಲೂ ಇದೆ. ಅಲ್ಲಿಂದ ಎರಡನೇ ಯುದ್ಧ. ಖಸವ್ಯುರ್ತ್‌ನಲ್ಲಿ ಸಿಕ್ಕ ಕಾಲಾವಕಾಶ 2001 ಬರುವ ಮೊದಲೇ ಮಣ್ಣುಪಾಲಾಯಿತು. ಆ ಶಾಂತಿಯನ್ನು ಕೆಡವಲು ಕಾಯುತ್ತಿದ್ದವರು ಮಾಸ್ಕೋದಲ್ಲೂ ಇದ್ದರು ನಿಜ, ಆದರೆ ಅವರ ಕೈಗೆ ನೆಪ ಕೊಟ್ಟವನು ಇವನು.

ಇನ್ನೊಬ್ಬರನ್ನೂ ಅವನ ಕಡೆಯವರು ಕಳೆದುಕೊಂಡರು. ಮೊದಲ ಯುದ್ಧದಲ್ಲಿ ರಷ್ಯಾದ ವಿರುದ್ಧ ನಿಂತಿದ್ದ ಮುಫ್ತಿ ಅಖ್ಮದ್ ಕದಿರೊವ್ ಈ ಹೊಸ ಪಂಥದವರ ಕಾಟಕ್ಕೆ ರೋಸಿ ಮಾಸ್ಕೋ ಕಡೆಗೆ ಸೇರಿದರು. 2004ರ ಮೇ 9ರಂದು ಗ್ರೋಜ್ನಿಯ ಸ್ಟೇಡಿಯಂನಲ್ಲಿ ಬಾಂಬಿಟ್ಟು ಅವರನ್ನು ಕೊಂದರು. ಮಾಡಿಸಿದ್ದು ನಾನೇ ಅಂದ ಬಸಾಯೆವ್. ಈಗ ಚೆಚನ್ಯಾವನ್ನು ಬಿಗಿಮುಷ್ಟಿಯಲ್ಲಿ ಹಿಡಿದಿರುವವರು ಆ ಮುಫ್ತಿಯ ಮಗ ರಮ್ಜಾನ್.

2000ದ ಚಳಿಗಾಲದಲ್ಲಿ ಗ್ರೋಜ್ನಿಯಿಂದ ಹಿಂದೆಗೆಯುವಾಗ ನೆಲಬಾಂಬು ಸಿಡಿದು ಬಸಾಯೆವ್ ಪಾದ ಹೋಯಿತು. ಗಾಯಾಳುಗಳು ತುಂಬಿದ್ದ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿದವರು ಹಸನ್ ಬಾಯೆವ್ ಎಂಬ ಚೆಚನ್ ಶಸ್ತ್ರಚಿಕಿತ್ಸಕರು. ರಷ್ಯನ್ ಸೈನಿಕರಿಗೂ ಅವರು ಚಿಕಿತ್ಸೆ ಕೊಟ್ಟಿದ್ದರು. ಎರಡೂ ಕಡೆಯವರ ಬೆದರಿಕೆಗೆ ಸಿಕ್ಕಿ ಕೊನೆಗೆ ಅಮೆರಿಕಕ್ಕೆ ಹೋಗಬೇಕಾಯಿತು. ಚೆಚನ್ಯಾದ ಬಗ್ಗೆ ಒಬ್ಬ ಮನುಷ್ಯನ ಕಥೆ ಬರೆಯಿಸುವುದಾದರೆ ನಾನು ಇವರದ್ದನ್ನೇ ಬರೆಯಿಸುತ್ತೇನೆ.

2004ರ ಸೆಪ್ಟೆಂಬರ್ 1. ರಷ್ಯಾದಲ್ಲಿ ಶಾಲೆ ಶುರುವಾಗುವ ದಿನ. ಬೆಸ್ಲಾನ್‌ನ ಶಾಲೆಯಲ್ಲಿ ಮಕ್ಕಳು, ಅಪ್ಪ ಅಮ್ಮಂದಿರು, ಟೀಚರ್‌ಗಳು ಸೇರಿ 1,100ಕ್ಕೂ ಹೆಚ್ಚು ಜನ ಒತ್ತೆ. ಮೂರನೇ ದಿನ ಎಲ್ಲ ಮುಗಿದಾಗ 330ಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ 186 ಮಕ್ಕಳು. ಬಸಾಯೆವ್ ಅಲ್ಲಿರಲಿಲ್ಲ. ದೂರದಲ್ಲಿ ಕೂತು ಮಾಡಿಸಿ, ಆಮೇಲೆ ಹೊಣೆ ಹೊತ್ತುಕೊಂಡ.

ರಷ್ಯಾದ ತಪ್ಪು ಇಲ್ಲವೇ ಅಂದಿರಿ. ಬೇಕಾದಷ್ಟಿದೆ. ಮುನ್ಸೂಚನೆ ಇದ್ದೂ ಬೆಸ್ಲಾನ್ ದಾಳಿ ತಡೆಯಲಿಲ್ಲ, ಒತ್ತೆಯಾಳುಗಳು ಒಳಗಿದ್ದಾಗಲೇ ಟ್ಯಾಂಕ್ ಗುಂಡು, ಗ್ರೆನೇಡ್, ಬೆಂಕಿ ಉಗುಳುವ ಅಸ್ತ್ರ ಬಳಸಿದರು ಎಂದು 2017ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿದೆ. ಗ್ರೋಜ್ನಿಯನ್ನಂತೂ ಎರಡೆರಡು ಸಲ ನೆಲಸಮ ಮಾಡಿದರು. ಆ ತೀರ್ಪಿನಿಂದ ಬಸಾಯೆವ್‌ನ ಲೆಕ್ಕದಲ್ಲಿ ಒಂದು ಮಗುವೂ ಕಡಿಮೆಯಾಗುವುದಿಲ್ಲ, ಮೇಷ್ಟ್ರೇ.

ಬಸಾಯೆವ್ ಸತ್ತದ್ದು 2006ರ ಜುಲೈ 10ರಂದು, ಇಂಗುಷೆತಿಯಾದ ಎಕಾಜೆವೊ ಎಂಬ ಹಳ್ಳಿಯಲ್ಲಿ, ಸ್ಫೋಟಕ ತುಂಬಿದ ಲಾರಿ ಸಿಡಿದು. ನಾವೇ ಯೋಜನೆ ಮಾಡಿ ಕೊಂದೆವು ಎಂದು ರಷ್ಯಾದ ಗುಪ್ತಚರ ಸಂಸ್ಥೆ ಹೇಳಿತು. ಆಕಸ್ಮಿಕವಾಗಿ ಸಿಡಿಯಿತು ಎಂದು ಬಂಡುಕೋರರು ಹೇಳಿದರು. ಮರುವರ್ಷವೇ ಅವನ ಉತ್ತರಾಧಿಕಾರಿಗಳು ಸ್ವತಂತ್ರ ಚೆಚನ್ಯಾದ ಮಾತನ್ನೇ ಕೈಬಿಟ್ಟು ಇಡೀ ಉತ್ತರ ಕಾಕಸಸ್‌ಗೆ ಒಂದು 'ಅಮೀರಾತು' ಎಂದು ಘೋಷಿಸಿಕೊಂಡರು. 1997ರಲ್ಲಿ ಮತ ಹಾಕಿದವರು ಕೇಳಿದ್ದು ಇದನ್ನಲ್ಲ.

— ಸಂಪಾದಕ