ಸರಳ ಎಡಿಟರ್ ಸಾಕೇ, ಪೂರ್ಣ ಐಡಿಇ ಬೇಕೇ?

ಪ್ರಶ್ನೆ: ಪೈಥಾನ್ ಕಲಿಯುತ್ತಿದ್ದೇನೆ, ಮುಂದೆ ಜಾವಾ ಕಲಿಯುವ ಉದ್ದೇಶವಿದೆ. ಸರಳ ಟೆಕ್ಸ್ಟ್ ಎಡಿಟರ್‌ನಲ್ಲಿಯೇ ಮುಂದುವರಿಯಲೇ ಅಥವಾ ಐಡಿಇ (ಕೋಡ್ ಬರೆಯುವ, ರನ್ ಮಾಡುವ, ದೋಷ ಹುಡುಕುವ ಸಾಧನಗಳೆಲ್ಲ ಒಂದೇ ಕಡೆ ಇರುವ ತಂತ್ರಾಂಶ) ಬಳಸಲೇ?

ಉತ್ತರ: ಪೈಥಾನ್ ಕಲಿಕೆಯ ಈ ಹಂತಕ್ಕೆ ಸರಳ ಎಡಿಟರ್ ಧಾರಾಳವಾಗಿ ಸಾಕು. ಕಡತವನ್ನು ಉಳಿಸಿ, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ನೀವೇ ರನ್ ಮಾಡಿ, ದೋಷ ಸಂದೇಶವನ್ನು ಸಾಲುಸಾಲಾಗಿ ಓದುವ ಅಭ್ಯಾಸ ಬೆಳೆಸಿಕೊಂಡರೆ, ಐಡಿಇಯ ಬಟನ್ನೊಂದರ ಹಿಂದೆ ಏನೇನು ನಡೆಯುತ್ತದೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಜಾವಾದ ಮಾತು ಬೇರೆ. ಹತ್ತಾರು ಕಡತಗಳಲ್ಲಿ ಬಳಕೆಯಾಗಿರುವ ‘ಟೋಟಲ್’ ಎಂಬ ಮೆಥಡ್, ಅಂದರೆ ಹೆಸರಿಟ್ಟ ಕೋಡಿನ ತುಣುಕು, ಇದೆ; ಆ ಮೆಥಡ್‌ನ ಹೆಸರನ್ನು ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಎಡಿಟರ್‌ನ ಹುಡುಕಿ ಬದಲಿಸುವ ಸೌಲಭ್ಯವು ಅಕ್ಷರಗಳನ್ನಷ್ಟೇ ನೋಡುವುದರಿಂದ, ಬೇರೊಂದು ಕ್ಲಾಸ್‌ನಲ್ಲಿರುವ (ಮೆಥಡ್‌ಗಳನ್ನು ಒಟ್ಟುಗೂಡಿಸುವ ಘಟಕ) ಅದೇ ಹೆಸರಿನ ಮೆಥಡ್ಡನ್ನೂ ಬದಲಿಸಿಬಿಡಬಹುದು. ಆದರೆ ಎಕ್ಲಿಪ್ಸ್ ಅಥವಾ ಇಂಟೆಲಿಜೆ ಐಡಿಯಾದಂತಹ ಐಡಿಇ ಕೋಡಿನ ರಚನೆಯನ್ನೇ ಅರಿತು, ನಿಮ್ಮ ಮೆಥಡ್ಡನ್ನು ಕರೆದಿರುವ ಕಡೆ ಮಾತ್ರ ತಿದ್ದುತ್ತದೆ. ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ತಾತ್ಕಾಲಿಕವಾಗಿ ನಿಲ್ಲಬೇಕಾದ ಗುರುತು) ಇಟ್ಟು ವೇರಿಯಬಲ್‌ಗಳ ಬೆಲೆಯನ್ನು ಹೆಜ್ಜೆಹೆಜ್ಜೆಗೂ ಪರಿಶೀಲಿಸುವ ಅನುಕೂಲವೂ ದೊಡ್ಡದು.

2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ, ಎಡಿಟರ್ ಮತ್ತು ಕೋಡನ್ನು ವಿಶ್ಲೇಷಿಸುವ ತಂತ್ರಾಂಶದ ನಡುವಿನ ಸಂವಹನ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಾಗಿ ನಿಯೋವಿಮ್‌ನಂತಹ ಎಡಿಟರ್‌ಗಳಿಗೂ ಇಂತಹ ತಿಳಿವಳಿಕೆ ದೊರೆತು, ಅಂತರ ಸಾಕಷ್ಟು ಕಿರಿದಾಗಿದೆ. ಆದರೂ ಜಾವಾದಲ್ಲಿ ದೊಡ್ಡ ಪ್ರೋಗ್ರಾಂ ಕೈಗೆತ್ತಿಕೊಂಡಾಗ ಐಡಿಇಯನ್ನೇ ಆರಿಸಿಕೊಳ್ಳಿ. ಐಡಿಇಗೆ ಹೆಚ್ಚು ಮೆಮೊರಿ ಬೇಕಾಗುವುದರಿಂದ, ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಮಾತ್ರವಿದ್ದರೆ ಎಡಿಟರ್ ಜೊತೆಗೆ ಹೆಚ್ಚುವರಿ ಸೌಲಭ್ಯ ಕೊಡುವ ಅಗತ್ಯದ ಪ್ಲಗಿನ್‌ಗಳನ್ನಷ್ಟೇ ಸೇರಿಸಿಕೊಳ್ಳುವುದು ಲೇಸು.