ಓದುಗರ ಪ್ರಶ್ನೆ: ಮೆಂಟಲ್ ಆಸ್ಪತ್ರೆಗೆ ಮ್ಯಾಜಿಸ್ಟ್ರೇಟರ ಆದೇಶ ಯಾಕೆ?

ಪ್ರಶ್ನೆ: ನಮ್ಮ ಅಜ್ಜನ ತಮ್ಮನನ್ನು 1956ರಲ್ಲಿ ಬೆಂಗಳೂರಿನ ಪೊಲೀಸರು ಬೀದಿಯಲ್ಲಿ ಹಿಡಿದು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ನಿಮ್ಹಾನ್ಸಿಗೆ ಸೇರಿಸಿದ ಕಾಗದ ಸಿಕ್ಕಿದೆ. ಅವರು ಏನಾದರೂ ಅಪರಾಧ ಮಾಡಿದ್ದರೇ? ಮನೆಯವರೇ ಸೇರಿಸಬಹುದಿತ್ತಲ್ಲವೇ?
— ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಕಾಗದದಲ್ಲಿರುವ ಸೆಕ್ಷನ್ ನೋಡಿ. ಮಾನಸಿಕ ರೋಗಿಗಳ ಬಗೆಗಿನ ಆಗಿನ ಕಾನೂನಾದ 1912ರ ಇಂಡಿಯನ್ ಲೂನಸಿ ಆ್ಯಕ್ಟಿನ 13, 14 ಎಂದಿದ್ದರೆ ಅಪರಾಧದ ಪ್ರಶ್ನೆಯೇ ಇಲ್ಲ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 466 ಅಥವಾ 471 ಎಂದಿದ್ದರೆ ಮಾತ್ರ ಹಿಂದೆ ಒಂದು ಮೊಕದ್ದಮೆ ಇತ್ತೆಂದು ತಿಳಿಯಬೇಕು. 13ನೇ ಸೆಕ್ಷನ್ ಪ್ರಕಾರ, ಬುದ್ಧಿ ಸ್ತಿಮಿತದಲ್ಲಿಲ್ಲದೆ ಅಲೆಯುತ್ತಿದ್ದಾರೆಂದು ಕಂಡವರನ್ನು ಠಾಣಾಧಿಕಾರಿ ಹಿಡಿಯಬಹುದಿತ್ತು. ಅಪಾಯಕಾರಿ ಎನಿಸಿದರೆ ಹಿಡಿಯಲೇಬೇಕಿತ್ತು. ಆಮೇಲೆ ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅವರು ತಾವೇ ಮಾತಾಡಿಸಿ ನೋಡಿ, ಸರ್ಕಾರಿ ವೈದ್ಯರಿಂದ ಪರೀಕ್ಷೆ ಮಾಡಿಸಿ, ಸರ್ಟಿಫಿಕೇಟ್ ಬಂದರೆ ರಿಸೆಪ್ಷನ್ ಆರ್ಡರ್, ಅಂದರೆ ಆಸ್ಪತ್ರೆಗೆ ಸೇರಿಸಿಕೊಳ್ಳುವ ಆದೇಶ, ಬರೆಯುತ್ತಿದ್ದರು.

ವೈದ್ಯರು ತೀರ್ಮಾನಕ್ಕೆ ಬರುವತನಕ ಒಂದು ಸಲಕ್ಕೆ 10 ದಿನ, ಒಟ್ಟು 30 ದಿನ ಮೀರದಂತೆ ‘ತಕ್ಕ ಕಡೆ’ ಇರಿಸಿಕೊಳ್ಳಲು ಅವಕಾಶವಿತ್ತು. ದೇಶದ ಎಷ್ಟೋ ಊರುಗಳಲ್ಲಿ ಆ ‘ತಕ್ಕ ಕಡೆ’ ಜೈಲೇ ಆಗಿಬಿಡುತ್ತಿತ್ತು. ಇದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ!

ಮನೆಯವರಿಗೂ ದಾರಿ ಇತ್ತು, ಆದರೆ ತೊಡಕಿನದು. ಅರ್ಜಿ ಆದಷ್ಟೂ ಗಂಡ ಅಥವಾ ಹೆಂಡತಿಯದಾಗಿರಬೇಕು. ಬೇರೆಯವರು ಕೊಟ್ಟರೆ ಕಾರಣ ಬರೆಯಬೇಕು. ಅರ್ಜಿದಾರರು ಹಿಂದಿನ 14 ದಿನಗಳೊಳಗೆ ರೋಗಿಯನ್ನು ಕಣ್ಣಾರೆ ಕಂಡಿರಬೇಕು. ಜೊತೆಗೆ ಇಬ್ಬರು ವೈದ್ಯರ ಸರ್ಟಿಫಿಕೇಟ್, ಬೇರೆಬೇರೆ ಹಾಳೆಗಳಲ್ಲಿ. ಪರೀಕ್ಷೆ ನಡೆದು 7 ದಿನ ಮೀರಿರಬಾರದು. ಮುಗ್ಗರಿಸುವ ಜಾಗ ಇದೇ. ‘ರಾತ್ರಿ ಕೂಗಾಡುತ್ತಾನೆಂದು ಅಣ್ಣ ಹೇಳುತ್ತಾನೆ’ ಎಂದಷ್ಟೇ ಬರೆದ ಸರ್ಟಿಫಿಕೇಟ್ ನಿಲ್ಲುತ್ತಿರಲಿಲ್ಲ. ವೈದ್ಯರು ತಾವು ಕಂಡದ್ದನ್ನೂ ಇತರರು ಹೇಳಿದ್ದನ್ನೂ ಬೇರ್ಪಡಿಸಿ ಬರೆಯಬೇಕಿತ್ತು. ಇಷ್ಟಾದ ಮೇಲೆ, ರೋಗಿ ಅಪಾಯಕಾರಿಯಲ್ಲದಿದ್ದರೆ, ಖರ್ಚು ಕೊಡುತ್ತೇವೆಂದು ಯಾರಾದರೂ ಬರೆದುಕೊಡಬೇಕಿತ್ತು. ಪೊಲೀಸ್ ದಾರಿಯಲ್ಲಿ ಒಂದೇ ಸರ್ಟಿಫಿಕೇಟ್ ಸಾಕು. ಬಡವರ ಪಾಲಿಗೆ ಠಾಣೆಯೇ ಹತ್ತಿರದ ಬಾಗಿಲಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ರೋಗಿಯೇ ಸ್ವಂತ ಇಚ್ಛೆಯಿಂದ ಸೇರಲೂ ಬಹುದಿತ್ತು, ಇಬ್ಬರು ವಿಸಿಟರ್‌ಗಳು (ಆಸ್ಪತ್ರೆಯ ಮೇಲ್ವಿಚಾರಣೆಗೆ ಸರ್ಕಾರ ನೇಮಿಸಿದವರು) ಒಪ್ಪಿದರೆ. ಹೊರಡುತ್ತೇನೆಂದು ಬರೆದುಕೊಟ್ಟ ಮೇಲೆ ಅಂಥವರನ್ನು 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ.

ಪ್ರಶ್ನೆ: ಅವರನ್ನು ಮನೆಗೆ ಕರೆತರುವುದು ಸಾಧ್ಯವಿತ್ತೇ? ಹಳೆಯ ದಾಖಲೆ ಕೇಳುವುದು ಹೇಗೆ?

ಉತ್ತರ: ಸಾಧ್ಯವಿತ್ತು. ಪೊಲೀಸರ ಮೂಲಕ ಸೇರಿದವರನ್ನು ನಾವು ನೋಡಿಕೊಳ್ಳುತ್ತೇವೆಂದು ಬಂಧುಗಳು ಆದೇಶ ಹೊರಡಿಸಿದ ಅಧಿಕಾರಿಗೇ ಅರ್ಜಿ ಹಾಕಿ, ಸರಿಯಾಗಿ ನೋಡಿಕೊಳ್ಳುವುದಾಗಿ, ರೋಗಿ ತಮಗಾಗಲಿ ಇತರರಿಗಾಗಲಿ ಅಪಾಯ ಮಾಡದಂತೆ ತಡೆಯುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಅಧಿಕಾರಿ ಆಸ್ಪತ್ರೆಯನ್ನೂ ವಿಸಿಟರ್‌ಗಳನ್ನೂ ಕೇಳಿ ತೀರ್ಮಾನಿಸುತ್ತಿದ್ದರು. ಅದಲ್ಲದೆ ಮೂವರು ವಿಸಿಟರ್‌ಗಳು, ಅವರಲ್ಲೊಬ್ಬರು ವೈದ್ಯಾಧಿಕಾರಿ, ಸೇರಿ ಬಿಡುಗಡೆಗೆ ಆದೇಶಿಸಬಹುದಿತ್ತು. ಊರಿನವರಿಗೆ ಸುದ್ದಿಯೇ ಮುಟ್ಟದಿದ್ದರೆ ಮುಚ್ಚಳಿಕೆ ಬರೆದುಕೊಡುವವರು ಯಾರು? ವರ್ಷಗಟ್ಟಲೆ ಒಳಗೇ ಉಳಿದವರಲ್ಲಿ ಇಂಥವರೂ ಇದ್ದರು.

ಅಂದಹಾಗೆ, 1956ರಲ್ಲಿ ನಿಮ್ಹಾನ್ಸ್ ಎಂಬ ಹೆಸರಿರಲಿಲ್ಲ. ಮೆಂಟಲ್ ಆಸ್ಪತ್ರೆ ಮತ್ತು 1954ರಲ್ಲಿ ಅದರ ಜೊತೆ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ದಾಖಲೆ ಕೇಳಿ ಬರೆಯುವಾಗ ಆದೇಶದ ತಾರೀಖು, ಮ್ಯಾಜಿಸ್ಟ್ರೇಟ್ ಕೋರ್ಟಿನ ಹೆಸರು, ತಂದೆಯ ಹೆಸರು, ಊರು ನಮೂದಿಸಿ. ರೋಗಿಯ ಹೆಸರನ್ನು ಮಾತ್ರ ಕಾಗದದಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬರೆದಿದೆಯೋ ಹಾಗೇ ಬರೆಯಿರಿ. ಠಾಣೆಯವರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರೇ ಆಸ್ಪತ್ರೆಯ ರಿಜಿಸ್ಟರಿಗೂ ಹೋಗಿರುವ ಸಾಧ್ಯತೆ ಹೆಚ್ಚು.