ಕಾಡಿನ ಮಾದರಿಯಲ್ಲಿ ಪ್ರತಿ ಮರವೂ ಒಂದು ಆಬ್ಜೆಕ್ಟ್ ಆಗಬೇಕೇ?

ಪ್ರಶ್ನೆ: ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿನಿ. ಹೆಕ್ಟೇರಿಗೆ ಎಷ್ಟು ಘನಮೀಟರ್ ಮರ ಸಿಗುತ್ತದೆಂದು ತಿಳಿಸುವ ಇಳುವರಿ ಕೋಷ್ಟಕಗಳು ಇರುವಾಗ, ಕಾಡಿನ ಬೆಳವಣಿಗೆಯ ಕಂಪ್ಯೂಟರ್ ಮಾದರಿಯನ್ನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ (ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸವನ್ನೂ ಆಬ್ಜೆಕ್ಟ್ ಎಂಬ ಒಂದೇ ಘಟಕದಲ್ಲಿ ಕೂಡಿಸಿಡುವ ವಿಧಾನದಲ್ಲಿ) ಬರೆಯುವ ಅಗತ್ಯವೇನು? ಒಂದೊಂದು ಮರವನ್ನೂ ಒಂದೊಂದು ಆಬ್ಜೆಕ್ಟ್ ಎಂದೇ ಬರೆಯಬೇಕೇ?

ಉತ್ತರ: ಒಂದೇ ಜಾತಿಯ, ಒಂದೇ ವಯಸ್ಸಿನ ನೆಡುತೋಪಿಗೆ ಇಳುವರಿ ಕೋಷ್ಟಕ ಇಂದಿಗೂ ಸಾಕಾಗುತ್ತದೆ. ಆದರೆ ಹಲವು ಜಾತಿಗಳು, ಹಲವು ವಯಸ್ಸುಗಳು ಬೆರೆತ ಕಾಡಿನಲ್ಲಿ ಒಂದು ಮರದ ಬೆಳವಣಿಗೆಯನ್ನು ಅದರ ಪಕ್ಕದ ಮರದ ನೆರಳು ನಿರ್ಧರಿಸುವುದರಿಂದ, ಸರಾಸರಿ ಹಿಡಿದ ಕೂಡಲೇ ನಮಗೆ ಬೇಕಾದ ಸಂಗತಿಯೇ ಕೈತಪ್ಪಿಹೋಗುತ್ತದೆ. ಸಂಶೋಧಕರಾದ ಬಾಟ್ಕಿನ್, ಜನಾಕ್ ಮತ್ತು ವಾಲಿಸ್ 1972ರಲ್ಲಿ ಪ್ರಕಟಿಸಿದ ಜಬೋವಾ ಎಂಬ ಕಂಪ್ಯೂಟರ್ ಮಾದರಿ 10 ಮೀಟರ್ ಉದ್ದಗಲದ ತುಂಡುಜಾಗದಲ್ಲಿ ಮರಗಳನ್ನು ಒಂದೊಂದಾಗಿ ಬೆಳೆಸಿ, ಸೊರಗಿದ ಮರಕ್ಕೆ ಸಾವಿನ ಸಂಭವವನ್ನು ಹೆಚ್ಚಿಸಿ, ಈ ದಾರಿಯನ್ನು ತೆರೆಯಿತು. ಅದನ್ನು ಬರೆದದ್ದು ಆಗ ಆಬ್ಜೆಕ್ಟ್ ಸೌಲಭ್ಯವೇ ಇಲ್ಲದಿದ್ದ ಪ್ರೋಗ್ರಾಮಿಂಗ್ ಭಾಷೆಯಾದ ಫೋರ್ಟ್ರಾನ್‌ನಲ್ಲಿ. ಮರವನ್ನು ಬಿಡಿಯಾಗಿ ನೋಡುವ ದೃಷ್ಟಿ ಕಾಡಿನ ಅರಿವಿನಿಂದ ಬಂದದ್ದು, ಪ್ರೋಗ್ರಾಮಿಂಗ್ ಭಾಷೆಯಿಂದಲ್ಲ. ಆ ದೃಷ್ಟಿಯನ್ನು ತಿದ್ದಲು, ಬೆಳೆಸಲು ಸುಲಭವಾಗುವ ರೂಪದಲ್ಲಿ ಇಡುವುದಷ್ಟೇ ಆಬ್ಜೆಕ್ಟ್ ವಿಧಾನದ ಕೆಲಸ.

ಮರವೆಂಬ ಆಬ್ಜೆಕ್ಟ್ ತನ್ನ ಜಾತಿ, ವ್ಯಾಸ, ಎತ್ತರ, ನಿಂತ ಜಾಗ ಇವನ್ನು ತನ್ನೊಳಗೇ ಇಟ್ಟುಕೊಂಡು, ಪ್ರತಿ ವರ್ಷದ ಸುತ್ತಿನಲ್ಲಿ ಸುತ್ತಲಿನ ಮರಗಳ ಎತ್ತರ ಮತ್ತು ಹರವನ್ನು ಕೇಳಿ, ತನಗೆ ದಕ್ಕುವ ಬೆಳಕೆಷ್ಟೆಂದು ಲೆಕ್ಕ ಹಾಕುತ್ತದೆ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಪಟ್ಟಿಯಲ್ಲಿರುವ ಮೊದಲ ಮರವನ್ನು ಬೆಳೆಸಿ ಮುಗಿಸಿ ಆಮೇಲೆ ಎರಡನೆಯದಕ್ಕೆ ಹೋದರೆ, ಎರಡನೆಯ ಮರದ ಮೇಲೆ ಮುಂದಿನ ವರ್ಷದ ನೆರಳು ಈ ವರ್ಷವೇ ಬೀಳುತ್ತದೆ. ಪಟ್ಟಿಯ ಕ್ರಮ ಬದಲಾದರೆ ಕಾಡೇ ಬದಲಾಗುತ್ತದೆ. ಆದ್ದರಿಂದ ಎಲ್ಲ ಮರಗಳೂ ಮೊದಲು ಲೆಕ್ಕ ಹಾಕಿ ಮುಗಿಸಬೇಕು, ಆ ಬಳಿಕ ಎಲ್ಲವೂ ಒಟ್ಟಿಗೆ ಬೆಳೆಯಬೇಕು.

ಜಾತಿಗೊಂದರಂತೆ ಬೇರೆ ಕ್ಲಾಸ್ (ಒಂದು ಬಗೆಯ ಆಬ್ಜೆಕ್ಟುಗಳಿಗೆಲ್ಲ ಅಚ್ಚಿನಂತಿರುವ ವಿವರಣೆ) ಬರೆಯುವ ಆಸೆಯನ್ನೂ ತಡೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಗರಿಷ್ಠ ಎತ್ತರ, ಆಯಸ್ಸು, ನೆರಳು ತಾಳುವ ಶಕ್ತಿ ಇವು ಬರೀ ಸಂಖ್ಯೆಗಳು. ಅವುಗಳ ಜಾಗ ದತ್ತಾಂಶದ ಕಡತ. ಕಡಿದ ಬುಡದಿಂದ ಮತ್ತೆ ಚಿಗುರುವ ಮರದಂತೆ, ನಡವಳಿಕೆಯೇ ಬೇರೆಯಾದಾಗ ಮಾತ್ರ ಬೇರೆ ಕ್ಲಾಸ್ ಸಾರ್ಥಕ.

ಪ್ರತಿ ಮರವೂ ಆಬ್ಜೆಕ್ಟ್ ಆಗಬೇಕೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಯಾವಾಗಲೂ ಆಗಬೇಕಿಲ್ಲ. ಬೆಂಕಿ, ಬಿರುಗಾಳಿ, ಕಡಿತ ಇವು ಸಾವಿರಾರು ಹೆಕ್ಟೇರಿನಲ್ಲಿ ನೂರಾರು ವರ್ಷ ಹೇಗೆ ಹರಡುತ್ತವೆಂದು ತಿಳಿಯಬೇಕಾದಾಗ ಬಿಡಿ ಮರಗಳ ಲೆಕ್ಕ ಕಂಪ್ಯೂಟರಿಗೂ ಭಾರ, ಅದಕ್ಕೆ ಒದಗಿಸಬೇಕಾದ ಅಳತೆಗಳೂ ಸಿಗುವುದಿಲ್ಲ. 1990ರ ದಶಕದಲ್ಲಿ ರೂಪುಗೊಂಡ ಲ್ಯಾಂಡಿಸ್, ವಿಶಾಲ ಕಾಡನ್ನು ಚೌಕಗಳಾಗಿ ಹಂಚಿ ನೋಡುವ ಮಾದರಿ. ಅದು ಆಬ್ಜೆಕ್ಟ್ ಓರಿಯೆಂಟೆಡ್ ಮಾದರಿಯೇ ಆಗಿದ್ದರೂ, ಅದರ ಮೊದಲ ರೂಪದಲ್ಲಿ ಪ್ರತಿ ಚೌಕವೂ ಯಾವ ಜಾತಿಯ ಯಾವ 10 ವರ್ಷದ ವಯೋಗುಂಪು ತನ್ನಲ್ಲಿ ಇದೆ ಅಥವಾ ಇಲ್ಲ ಎಂಬುದನ್ನಷ್ಟೇ ನೆನಪಿಡುತ್ತಿತ್ತು. ನೆರಳಿನ ಪೈಪೋಟಿ ನಿಮ್ಮ ವಿಷಯವಾದರೆ ಮರವನ್ನೇ ಆಬ್ಜೆಕ್ಟ್ ಮಾಡಿ. ಬೆಂಕಿಯ ಹರಡುವಿಕೆಯಾದರೆ ಚೌಕವನ್ನು. ಎರಡರಲ್ಲಿ ಯಾವುದನ್ನು ಆರಿಸಿದರೂ, ಕೆಲವು ವರ್ಷಗಳ ಅಂತರದಲ್ಲಿ ಅವೇ ಮರಗಳನ್ನು ಮತ್ತೆ ಅಳೆದಿಟ್ಟ ದಾಖಲೆಯೊಂದನ್ನು ಮೊದಲು ದೊರಕಿಸಿಕೊಳ್ಳಿ, ಅದರ ಒಂದು ಭಾಗವನ್ನು ಮಾದರಿ ಕಟ್ಟುವಾಗ ಮುಟ್ಟದೆ, ಪರೀಕ್ಷೆಗೆಂದೇ ತೆಗೆದಿಡಿ.